ಮಾನ್ವಿಯ ಶ್ರೀ ಜಗನ್ನಾಥದಾಸರು: ದಾನವಾಗಿ ಬಂದ ಆಯುಷ್ಯ

ಸಂಪ್ರದಾಯವು ಬೇರೆಯಾದರೂ ಮಹಾತ್ಮರ ಜೀವನವು ಸರ್ವರ ಸೊತ್ತು. ಕೃಷ್ಣೆ ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯು ಶರಣರಿಗೂ ದಾಸರಿಗೂ ಒಂದೇ ತವರಾಗಿರುವುದು. ದೀರ್ಘಾಯುಷ್ಯವು ಯಾವುದರಿಂದ ಒದಗುವುದು, ಒದಗಿದ ಮೇಲೆ ಅದನ್ನು ಹೇಗೆ ಸವೆಸತಕ್ಕದ್ದು ಎಂಬುದನ್ನು ಅರಿಯಲು ಶ್ರೀ ಜಗನ್ನಾಥದಾಸರ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಇವರು ಜನಿಸಿದರು. ಪೂರ್ವನಾಮ ಶ್ರೀನಿವಾಸ. ಸಂಸ್ಕೃತ ಶಾಸ್ತ್ರಗಳಲ್ಲಿ ಪಾರಂಗತರಾಗಿ ಆಚಾರ್ಯರೆನಿಸಿದರು. ವಿದ್ಯೆಯೊಡನೆ ಗರ್ವವೂ ಬೆಳೆಯಿತು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಚೀಕಲಪರ್ವಿಯ ಶ್ರೀ ವಿಜಯದಾಸರು ಪ್ರಸಾದಕ್ಕೆ ಕರೆಯಲು, ತಡವಾಗಿ ಉಂಡರೆ ಹೊಟ್ಟೆನೋವು ಬರುವುದೆಂದು ನೆವ ಹೂಡಿ ತಪ್ಪಿಸಿಕೊಂಡರೆಂದು ಪರಂಪರೆಯು ಹೇಳುವುದು. ಆ ನೆವವೇ ನಿಜವಾಯಿತು. ಅನ್ನವು ಸೇರದೆ ದೇಹವು ಕೃಶವಾಯಿತು. ಉಪಾಯಗಾಣದೆ ವಿಜಯದಾಸರಿಗೆ ಶರಣುಹೋಗಲು, ಅವರು ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರ ಬಳಿಗೆ ಕಳುಹಿದರು.

ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. 1721ರಲ್ಲಿ ಜನಿಸಿ, ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ್ದರು. ಅವರು ಧನ್ವಂತರಿಯನ್ನು ಪ್ರಾರ್ಥಿಸಿ, ರೋಗಿಗೆ ಜೋಳದ ರೊಟ್ಟಿಯನ್ನು ಉಣಿಸಿ, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಪ್ರತೀತಿ. ಕೊಟ್ಟವರು 1762ರಲ್ಲಿ, ಸುಮಾರು 40ರ ಪ್ರಾಯದಲ್ಲಿಯೇ ದೇಹವಿಟ್ಟರು. ಪಡೆದವರು 80 ದಾಟಿ, 1809ರವರೆಗೆ ಬಾಳಿದರು.

ದಾನದ ಮಹಿಮೆಯು ಶ್ರದ್ಧೆಯ ವಿಷಯ. ಆದರೆ ಆ ವರ್ಷಗಳನ್ನು ಅವರು ಕಳೆದ ರೀತಿಯು ಸರ್ವರಿಗೂ ವಿದಿತ. ಗರ್ವವನ್ನು ತೊರೆದರು; ಪಂಢರಪುರಕ್ಕೆ ಯಾತ್ರೆಗೈದು ದಾಸದೀಕ್ಷೆಯನ್ನು ಕೈಕೊಂಡರು; ತಾವೇ ಹಳಿದ ಕನ್ನಡದಲ್ಲಿ ಹಾಡಿದರು. ಭಾಮಿನಿ ಷಟ್ಪದಿಯಲ್ಲಿ 32 ಸಂಧಿಗಳ ಹರಿಕಥಾಮೃತಸಾರವನ್ನು ರಚಿಸಿದರು. ಮಾನ್ವಿಯಲ್ಲಿ ನೆಲೆಸಿ ಶಿಷ್ಯರಿಗೆ ಬೋಧಿಸಿದರು. ಶರಣರು ಕಾಯಕವೆಂದು ಕರೆದ ನಿಷ್ಠೆಯೇ ಇದು.

ವೃದ್ಧಾಪ್ಯದ ಆರೋಗ್ಯಕ್ಕೆ ಇಂದಿನ ವೈದ್ಯರು ಹೇಳುವುದೂ ಇದಕ್ಕೆ ದೂರವಲ್ಲ. ಮಿತವಾದ ಆಹಾರ, ನಿತ್ಯದ ನಡಿಗೆ, ಸುಖನಿದ್ರೆ, ನಾಲ್ಕು ಜನರ ಒಡನಾಟ, ಮನಸ್ಸಿಗೊಪ್ಪುವ ಕೆಲಸ ಇವು ಮುಪ್ಪಿನ ಊರುಗೋಲುಗಳು. ನಾರಿನಂಶವುಳ್ಳ ಜೋಳವು ಜಠರಕ್ಕೆ ಹಿತ. ತಂಬಾಕು ಮದ್ಯಗಳು ಆಯುಷ್ಯವನ್ನು ಕಡಿಯುವವು. ಒಂಟಿತನವೂ ದೇಹವನ್ನು ಕುಂದಿಸುವುದು. ರಕ್ತದೊತ್ತಡ, ಸಕ್ಕರೆ ರೋಗಗಳನ್ನು ಅಲಕ್ಷಿಸದೆ ಕಾಲಕ್ಕೆ ಸರಿಯಾಗಿ ಚಿಕಿತ್ಸೆ ಪಡೆಯತಕ್ಕದ್ದು. ಪ್ರಾರ್ಥನೆಯು ಔಷಧವನ್ನು ಬೇಡವೆನ್ನುವುದಿಲ್ಲ.

ಆದರೂ ಚರಿತ್ರೆಯ ತಿರುಳು ಬೇರೊಂದಿದೆ. ಯಾವ ವೃದ್ಧನೂ ತನ್ನೊಬ್ಬನ ಬಲದಿಂದ 80ನ್ನು ಮುಟ್ಟುವುದಿಲ್ಲ. ತಾಯಿಯ ನಿದ್ದೆ, ಮಡದಿಯ ಬೆವರು, ಮಕ್ಕಳ ಶುಶ್ರೂಷೆ ಇವೆಲ್ಲ ಅವನ ಲೆಕ್ಕಕ್ಕೆ ಸೇರಿದ ವರ್ಷಗಳೇ. ಪಡೆದ ಆಯುಷ್ಯವು ಸಾಲ. ಅದನ್ನು ಜನಕ್ಕೆ ತೀರಿಸುವುದೇ ದಾಸೋಹ. ಮಾನ್ವಿಯ ವೃದ್ಧರು ಆ ಸಾಲವನ್ನು ಬಡ್ಡಿಸಹಿತ ತೀರಿಸಿಯೇ ಹೋದರು. ಸದ್ಭಕ್ತರು ಇದನ್ನು ಮನನ ಮಾಡಲಿ.