ಶಿಕಾರಿ ಕೆನೆತ್ ಆಂಡರ್ಸನ್ ಮತ್ತು ಅವರ 405 ರೈಫಲ್

(ವ್ಯಕ್ತಿ ಪರಿಚಯ. ಬರೆದವರು: 7ನೇ ತರಗತಿ)

ಈ ಸಂಚಿಕೆಯಲ್ಲಿ ಹೆಸರುವಾಸಿ ಶಿಕಾರಿ ಮತ್ತು ಲೇಖಕರಾದ ಕೆನೆತ್ ಆಂಡರ್ಸನ್ ಅವರ ಪರಿಚಯ ಮಾಡಿಕೊಡುತ್ತೇನೆ. ಇವರ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕತೆಗಳು ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಅದರಲ್ಲಿ ಒಂದು ಭಾಗದ ಹೆಸರು ಜಾಲಹಳ್ಳಿಯ ಕುರ್ಕ. ಕುರ್ಕ ಅಂದರೆ ಚಿರತೆ. ಈ ಜಾಲಹಳ್ಳಿ ಬೇರೆ ಎಲ್ಲೋ ಅಲ್ಲ, ನಮ್ಮ ಯಶವಂತಪುರದ ಆಚೆ ಇರುವ ಜಾಲಹಳ್ಳಿಯೇ! ಈಗ ಅಲ್ಲಿ ಬರೀ ಕಾರ್ಖಾನೆ, ಮನೆ, ಬಸ್ಸು. ಆಗ ಅಲ್ಲಿ ಚಿರತೆ ಓಡಾಡುತ್ತಿತ್ತು.

ಆಂಡರ್ಸನ್ ಅವರು 1910ನೇ ಇಸವಿ ಮಾರ್ಚ್ 8ರಂದು ಸಿಕಂದರಾಬಾದಿನ ಹತ್ತಿರದ ಬೊಲಾರಂನಲ್ಲಿ ಹುಟ್ಟಿದರು. ಅವರ ಮನೆತನದವರು ಸ್ಕಾಟ್ಲೆಂಡಿನಿಂದ ಬಂದು ಹಲವು ತಲೆಮಾರಿನಿಂದ ಇಂಡಿಯಾದಲ್ಲೇ ನೆಲೆಸಿದ್ದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿದರು. ಅಂಚೆ ತಂತಿ ಇಲಾಖೆಯಲ್ಲಿ ಹಲವು ವರ್ಷ ಕೆಲಸ ಮಾಡಿ, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಸೇರಿದರು. ಯಲಹಂಕದ ಕಡೆ ತಲೆ ಮೇಲೆ ವಿಮಾನ ಹೋದರೆ ನಾವೆಲ್ಲ ಕತ್ತೆತ್ತಿ ನೋಡ್ತೀವಲ್ಲ, ಅಂಥ ವಿಮಾನ ಕಟ್ಟುವ ಕಡೆ ಅವರು ದೊಡ್ಡ ಹುದ್ದೆಯಲ್ಲಿ ಇದ್ದರು. ಅವರಿಗೆ ಕನ್ನಡ, ತಮಿಳು ಎರಡೂ ಬರುತ್ತಿತ್ತು. ಅದಕ್ಕೇ ಹಳ್ಳಿ ಜನರ ಜೊತೆ, ಕಾಡಿನ ಜನರ ಜೊತೆ ಸಲೀಸಾಗಿ ಬೆರೆಯುತ್ತಿದ್ದರು. ಪೂಜಾರಿ ಎಂಬ ಕಾಡಿನ ಜನಾಂಗದ ಬೈರ ಎಂಬಾತ ಅವರಿಗೆ ಆಪ್ತ ಗೆಳೆಯ. ರಜೆ ಸಿಕ್ಕಿದರೆ ಸಾಕು, ಸ್ಟುಡಿಬೇಕರ್ ಕಾರು ಹತ್ತಿ ಕಾಡಿಗೆ ಹೊರಟುಬಿಡುತ್ತಿದ್ದರು.

ಈಗ ಅವರ ಕೋವಿಯ ವಿಷಯಕ್ಕೆ ಬರೋಣ. ನಮ್ಮ ತರಗತಿಯ ಹುಡುಗರಿಗೆಲ್ಲ ಇದೇ ಇಷ್ಟ. ಸಿನಿಮಾದಲ್ಲಿ ನೋಡಿ ಯಾವ ಪಿಸ್ತೂಲು ದೊಡ್ಡದು, ಯಾವ ರಿವಾಲ್ವರ್ ಜೋರು ಅಂತ ಜಗಳ ಆಡ್ತಾರೆ. ಆಂಡರ್ಸನ್ ಅವರ ಅಚ್ಚುಮೆಚ್ಚಿನ ಕೋವಿ ಅಮೆರಿಕದ ವಿಂಚೆಸ್ಟರ್ ಕಂಪನಿಯ ಪಾಯಿಂಟ್ 405 ರೈಫಲ್. ಇದರ ತೋಟಾ 1904ರಲ್ಲಿ ಬಂತು. ಕುದುರೆಯ ಕೆಳಗೆ ಒಂದು ಸನ್ನೆ ಇರುತ್ತೆ. ಅದನ್ನು ಕೆಳಕ್ಕೆ ಎಳೆದು ಮೇಲಕ್ಕೆ ಒತ್ತಿದರೆ ಹಳೇ ತೋಟಾ ಹೊರಗೆ ಬಿದ್ದು ಹೊಸದು ಒಳಗೆ ಹೋಗುತ್ತೆ. ರಾತ್ರಿ ಮರದ ಮೇಲೆ ಅಟ್ಟಣೆ ಕಟ್ಟಿ ಕೂರುವಾಗ ಅವರು ರೈಫಲ್ಲಿಗೆ ಟಾರ್ಚು ಕಟ್ಟಿಕೊಳ್ಳುತ್ತಿದ್ದರು.

ಪಾಯಿಂಟ್ 405 ಅಂದರೆ ಏನು? ನಮ್ಮೂರಲ್ಲಿ ಬೋರ್‌ವೆಲ್ ಕೊರೆಸುವಾಗ ಆರೂವರೆ ಇಂಚು ಅಂತಾರಲ್ಲ, ಹಾಗೆ ಕೋವಿಗೂ ತೂತಿನ ಅಗಲ ಹೇಳ್ತಾರೆ. ಒಂದು ಇಂಚನ್ನು ಸಾವಿರ ಭಾಗ ಮಾಡಿ ಅದರಲ್ಲಿ 405 ಭಾಗ ತಗೊಂಡರೆ ಪಾಯಿಂಟ್ 405. ಅಂದರೆ ಸುಮಾರು 10 ಮಿಲಿಮೀಟರ್, ನಮ್ಮ ಕಿರುಬೆರಳಿನ ದಪ್ಪ. ಇನ್ನೊಂದು ಲೆಕ್ಕವೂ ಇದೆ. 12 ಬೋರಿನ ಕೋವಿ ಅಂತ ಕೇಳಿರುತ್ತೀರಿ. ಅಲ್ಲಿ 12 ಅಂದರೆ ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದೊಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲ ನಳಿಗೆ. ಆದ್ದರಿಂದ 16 ಬೋರಿಗಿಂತ 12 ಬೋರೇ ದೊಡ್ಡದು!

ಹಾಗಾದರೆ ತೂತು ದೊಡ್ಡದಾದಷ್ಟೂ ಪೆಟ್ಟು ಜೋರಾ? ಇಲ್ಲ. ಆಗಿನ ಬ್ರಿಟಿಷ್ ಸೈನ್ಯದಲ್ಲಿ ವೆಬ್ಲಿ ಎಂಬ ರಿವಾಲ್ವರ್ ಇತ್ತು, ಪಾಯಿಂಟ್ 455. ಅಂಕಿ ನೋಡಿದರೆ 405ಕ್ಕಿಂತ 455 ದೊಡ್ಡದು. ಗುಂಡಿನ ತೂಕವೂ ಹೆಚ್ಚು ಕಡಿಮೆ ಒಂದೇ. ರಿವಾಲ್ವರಿನದು ಸುಮಾರು 17 ಗ್ರಾಂ, ರೈಫಲ್ಲಿನದು ಸುಮಾರು 19 ಗ್ರಾಂ. ಆದರೆ ರಿವಾಲ್ವರಿನ ತೋಟಾ ಗಿಡ್ಡ, ಮದ್ದು ಸ್ವಲ್ಪ, ನಳಿಗೆ ಮೋಟು. ಅದರ ಗುಂಡು ಸೆಕೆಂಡಿಗೆ ಸುಮಾರು 600 ಅಡಿ ಹೋಗುತ್ತೆ. ರೈಫಲ್ಲಿನ ಗುಂಡು ಸೆಕೆಂಡಿಗೆ ಸುಮಾರು 2,200 ಅಡಿ. ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು, ವೇಗ ಮೂರು ಪಟ್ಟಾದರೆ ಪೆಟ್ಟು ಒಂಬತ್ತು ಪಟ್ಟು. ಈ ಲೆಕ್ಕದಲ್ಲಿ ಆ ರೈಫಲ್ಲಿನ ಪೆಟ್ಟು ರಿವಾಲ್ವರಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಅದಕ್ಕೇ ದೊಡ್ಡ ಹುಲಿ ಹೊಡೆಯಲು ಶಿಕಾರಿಗಳು ರಿವಾಲ್ವರ್ ನಂಬುತ್ತಿರಲಿಲ್ಲ.

ಇನ್ನು ಉತ್ತರದ ಶಿಕಾರಿ ಜಿಮ್ ಕಾರ್ಬೆಟ್ ಅವರದು ಬೇರೆ ದಾರಿ. ಅವರಿಗೆ ಪಾಯಿಂಟ್ 275 ರೈಫಲ್ ಇಷ್ಟ. ತೂತು ಬರೀ 7 ಮಿಲಿಮೀಟರ್, ಗುಂಡು ಸುಮಾರು 9 ಗ್ರಾಂ. ಆದರೆ ವೇಗ ಇನ್ನೂ ಜಾಸ್ತಿ, ಹೊರುವುದಕ್ಕೆ ಹಗುರ, ಗುರಿ ಬಲು ಚೆನ್ನ. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಅವರು ಕೊಂದದ್ದು ಈ ಚಿಕ್ಕ ಗುಂಡಿನಿಂದಲೇ. ಅಂದ ಮೇಲೆ ಕೋವಿಯಲ್ಲಿ ದೊಡ್ಡದು ಚಿಕ್ಕದು ಅನ್ನುವುದಕ್ಕಿಂತ ಗುಂಡು ಸರಿಯಾದ ಜಾಗಕ್ಕೆ ಬೀಳುವುದೇ ಮುಖ್ಯ.

ಇದು ಯಾಕೆ ಮುಖ್ಯ ಅಂತ ಆಂಡರ್ಸನ್ ಅವರ ಕತೆ ಓದಿದರೆ ತಿಳಿಯುತ್ತೆ. ಜವಳಗಿರಿ ಎಂಬ ಊರು ಹೊಸೂರಿನ ಆಚೆ ಇದೆ. ಈಗ ತಮಿಳುನಾಡಿಗೆ ಸೇರಿದ್ದರೂ ಆ ಕಡೆ ಕನ್ನಡ ಮಾತಾಡುವ ಜನ ಇದ್ದಾರೆ. ಅಲ್ಲಿ ಒಬ್ಬ ಯುವಕ ಹಾರಿಸಿದ ಗುಂಡು ಒಂದು ಹೆಣ್ಣು ಹುಲಿಯ ಭುಜಕ್ಕೆ ತಗುಲಿತು. ಹುಲಿ ಸಾಯಲಿಲ್ಲ, ಗಾಯಗೊಂಡು ತಪ್ಪಿಸಿಕೊಂಡಿತು. ಜಿಂಕೆಯ ಹಿಂದೆ ಓಡಲು ಆಗದ ಹುಲಿ ಏನು ತಿನ್ನಬೇಕು? ಅದು ಮನುಷ್ಯರನ್ನು ಹಿಡಿಯಲು ಶುರುಮಾಡಿತು. ಗುಂಡು ಹೊಡೆದವನು ಮನೆಗೆ ಹೋದ. ಸತ್ತವರು ಮಾತ್ರ ಸೌದೆಗೆ ಹೋದವರು, ದನ ಕಾಯುವವರು, ನೀರಿಗೆ ಹೋದ ಹೆಂಗಸರಂಥ ಬಡಪಾಯಿಗಳು. ಕೊನೆಗೆ ಆಂಡರ್ಸನ್ ಅವರು ಗಂಡು ಹುಲಿಯ ಹಾಗೆ ಕೂಗಿ ಅದನ್ನು ಹತ್ತಿರ ಕರೆದು ಹೊಡೆದರು. ಜಾಲಹಳ್ಳಿಯ ಚಿರತೆಯೂ ನರಭಕ್ಷಕ ಅಲ್ಲ. ಜನ ಅದನ್ನು ಮುತ್ತಿ ಕೆಣಕಿದ ಮೇಲೆ ರೊಚ್ಚಿಗೆದ್ದು ಮೈಮೇಲೆ ಬಿತ್ತು.

ಆದ್ದರಿಂದ ಅವರಿಗೆ ಒಳ್ಳೆ ಕೋವಿ ಬೇಕಿದ್ದುದು ಜಂಬಕ್ಕಲ್ಲ. ಒಂದೇ ಈಡಿಗೆ ಪ್ರಾಣಿ ನರಳದೆ ಸಾಯಬೇಕು, ಗಾಯ ಮಾಡಿ ಬಿಟ್ಟರೆ ಅದರ ಪಾಪ ಹಳ್ಳಿ ಜನರ ತಲೆಗೆ ಬರುತ್ತೆ. ಸರ್ಕಾರದ ದಾಖಲೆ ಪ್ರಕಾರ 1939ರಿಂದ 1966ರ ಒಳಗೆ ಅವರು 8 ನರಭಕ್ಷಕ ಚಿರತೆ ಮತ್ತು 7 ನರಭಕ್ಷಕ ಹುಲಿಗಳನ್ನು ಹೊಡೆದಿದ್ದಾರೆ. ಅದರಲ್ಲಿ ಗುಮ್ಮಳಾಪುರದ ಚಿರತೆ ಒಂದೇ 42 ಜನರನ್ನು ಕೊಂದಿತ್ತಂತೆ. ಅರಸೀಕೆರೆ ಕಡೆ 12 ಜನರನ್ನು ಕೊಂದ ಒಂದು ಕರಡಿಯನ್ನೂ ಅವರು ಹೊಡೆದರು.

ಇಷ್ಟೆಲ್ಲ ಇದ್ದರೂ ಅವರು ಎಷ್ಟೋ ಸಲ ಕೋವಿ ಇಲ್ಲದೆ ಬರಿಗೈಯಲ್ಲಿ ಒಬ್ಬರೇ ಕಾಡಿಗೆ ಹೋಗಿ ಸುಮ್ಮನೆ ಕೂರುತ್ತಿದ್ದರು. ವಯಸ್ಸಾದ ಮೇಲೆ ರೈಫಲ್ ಬದಲು ಕ್ಯಾಮರಾ ಹಿಡಿದರು. ಕಾಡು ಕರಗುತ್ತಿದೆ, ಹುಲಿ ಕಡಿಮೆಯಾಗುತ್ತಿದೆ ಅಂತ ಬರೆದರು. ಅವರ ಮೊದಲ ಶಿಕಾರಿ ಪುಸ್ತಕ 1954ರಲ್ಲಿ ಬಂತು, ಆಮೇಲೆ ಇನ್ನೂ ಹಲವು ಬಂದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂತು. ಅದಾಗಿ ಎರಡು ವರ್ಷಕ್ಕೆ, 1974ನೇ ಇಸವಿ ಆಗಸ್ಟ್ 30ರಂದು, ತಮ್ಮ 64ನೇ ವಯಸ್ಸಿನಲ್ಲಿ ಕ್ಯಾನ್ಸರ್ ಕಾಯಿಲೆಯಿಂದ ತೀರಿಕೊಂಡರು.

ಈಗ ಚಿರತೆ ಊರಿಗೆ ಬಂದರೆ ಯಾರೂ ಕೋವಿ ಹಿಡಿದು ಓಡಬಾರದು, ಅರಣ್ಯ ಇಲಾಖೆಗೆ ತಿಳಿಸಬೇಕು. 2016ರಲ್ಲಿ ಬೆಂಗಳೂರಿನ ಒಂದು ಶಾಲೆಗೇ ಚಿರತೆ ನುಗ್ಗಿತ್ತು. ಅದಕ್ಕೆ ಅರಿವಳಿಕೆ ಮದ್ದಿನ ಸೂಜಿ ಹೊಡೆದು ಜೀವಂತ ಹಿಡಿದರು. ಆ ಸೂಜಿ ಹಾರಿಸುವುದೂ ಒಂದು ಕೋವಿಯೇ. ಅದರಿಂದ ಜನರೂ ಉಳಿಯುತ್ತಾರೆ, ಚಿರತೆಯೂ ಉಳಿಯುತ್ತದೆ. ಯಾವ ಕೋವಿ ಎಲ್ಲಕ್ಕಿಂತ ಒಳ್ಳೆಯದು ಅಂತ ತರಗತಿಯಲ್ಲಿ ಇನ್ನೊಂದು ಸಲ ಜಗಳ ಬಂದರೆ, ನನ್ನ ಮತ ಆ ಸೂಜಿ ಕೋವಿಗೆ!