ಮಹಾಣುವಾದದ ಪ್ರವರ್ತಕ ಹೆರ್ಮಾನ್ ಸ್ಟೌಡಿಂಗರ್

ಸತ್ಯವನ್ನು ಕಾಣುವುದು ಕಷ್ಟ. ಕಂಡ ಸತ್ಯವನ್ನು ಲೋಕವು ಒಪ್ಪುವವರೆಗೆ ಎದೆಗುಂದದೆ ನಿಲ್ಲುವುದು ಅದಕ್ಕಿಂತಲೂ ಕಷ್ಟ. ಜರ್ಮನಿಯ ರಸಾಯನಶಾಸ್ತ್ರಜ್ಞ ಹೆರ್ಮಾನ್ ಸ್ಟೌಡಿಂಗರ್ ಅವರ ಜೀವನವು ಇದಕ್ಕೊಂದು ಉಜ್ವಲ ನಿದರ್ಶನ.

ಇವರು 1881ನೆಯ ಇಸವಿ ಮಾರ್ಚ್ 23ರಂದು ವೋರ್ಮ್ಸ್ ನಗರದಲ್ಲಿ ಜನಿಸಿದರು. ತಂದೆಯವರು ತತ್ತ್ವಶಾಸ್ತ್ರದ ಅಧ್ಯಾಪಕರು. ಬಾಲ್ಯದಲ್ಲಿ ಸ್ಟೌಡಿಂಗರರ ಒಲವು ಸಸ್ಯಶಾಸ್ತ್ರದ ಕಡೆಗಿತ್ತು. ಸಸ್ಯಗಳ ಮರ್ಮವನ್ನರಿಯಲು ರಸಾಯನಶಾಸ್ತ್ರದ ತಳಹದಿ ಬೇಕೆಂಬ ಸಲಹೆಯಂತೆ ಅದನ್ನು ಕೈಗೊಂಡು, ಅದರಲ್ಲಿಯೇ ನೆಲೆನಿಂತರು. 1903ರಲ್ಲಿ ಹಾಲೆ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು, ಸ್ಟ್ರಾಸ್‌ಬುರ್ಗ್‌ನಲ್ಲಿ ಕೀಟೀನ್ ಎಂಬ ನೂತನ ಸಂಯುಕ್ತಗಳನ್ನು ಕಂಡುಹಿಡಿದರು. 1907ರಲ್ಲಿ ಕಾರ್ಲ್ಸ್‌ರೂಹೆಯಲ್ಲಿಯೂ 1912ರಲ್ಲಿ ಜೂರಿಚ್‌ನಲ್ಲಿಯೂ ಪ್ರಾಧ್ಯಾಪಕ ಪದವಿ ದೊರೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಷಾನಿಲದ ಪ್ರಯೋಗವನ್ನು ಬಹಿರಂಗವಾಗಿ ವಿರೋಧಿಸಿ, ಸ್ವದೇಶೀಯರ ಕೋಪಕ್ಕೂ ಗುರಿಯಾದರು.

ನಮ್ಮ ತಿತಿಮತಿಯ ಕಾಡಿನ ಬಿದಿರಿನ ನಾರು, ಹತ್ತಿ, ರೇಷ್ಮೆ, ರಬ್ಬರು ಇವುಗಳ ಒಡಲಿನ ರಚನೆ ಎಂಥದು? ಸಣ್ಣ ಅಣುಗಳು ದುರ್ಬಲವಾದ ಆಕರ್ಷಣೆಯಿಂದ ಗುಂಪುಗೂಡಿ ಇವು ಆಗಿವೆಯೆಂಬುದು ಆ ಕಾಲದ ಬಹುಮಂದಿ ವಿದ್ವಾಂಸರ ಮತ. ಹಾಗಲ್ಲ, ಸಾವಿರಾರು ಪರಮಾಣುಗಳು ದೃಢವಾದ ರಾಸಾಯನಿಕ ಬಂಧದಿಂದ ಸರಪಣಿಯಂತೆ ಹೆಣೆದುಕೊಂಡ ಒಂದೊಂದು ನೀಳವಾದ ಅಣುವೇ ಇಲ್ಲಿದೆಯೆಂದು ಸ್ಟೌಡಿಂಗರ್ 1920ರಲ್ಲಿ ಪ್ರತಿಪಾದಿಸಿದರು. ರಬ್ಬರಿನ ಅಣುಗಳನ್ನು ಕೂಡಿಸುವುದು ಅವುಗಳ ದ್ವಿಬಂಧಗಳ ಸೆಳೆತವೆಂದು ಪ್ರತಿವಾದಿಗಳು ಹೇಳುತ್ತಿದ್ದರು. ಸ್ಟೌಡಿಂಗರ್ ರಬ್ಬರಿಗೆ ಜಲಜನಕವನ್ನು ಕೂಡಿಸಿ ಆ ದ್ವಿಬಂಧಗಳನ್ನೇ ಇಲ್ಲವಾಗಿಸಿದರು. ಪ್ರತಿವಾದಿಗಳ ಮತವು ನಿಜವಾಗಿದ್ದಲ್ಲಿ ಗುಂಪು ಚದುರಿ, ಸುಲಭವಾಗಿ ಆವಿಯಾಗುವ ಸಣ್ಣ ಅಣುಗಳ ದ್ರವವು ಉಳಿಯಬೇಕಾಗಿತ್ತು. ಆದರೆ ಆ ವಸ್ತುವಿನ ದ್ರಾವಣವು ಮೊದಲಿನಂತೆಯೇ ಮಂದವಾಗಿತ್ತು. 1922ರಲ್ಲಿ ಪ್ರಕಟವಾದ ಈ ಪರೀಕ್ಷೆಯ ಬೆನ್ನಿಗೇ 'ಮಹಾಣು' ಎಂಬರ್ಥದ ಹೊಸ ಹೆಸರು ಶಾಸ್ತ್ರಕ್ಕೆ ಬಂದಿತು.

ಆದರೂ ವಿದ್ವನ್ಮಂಡಲಿ ಒಪ್ಪಲಿಲ್ಲ. ಹಿತೈಷಿಗಳೇ ಈ ಹಂಬಲವನ್ನು ಬಿಡಬೇಕೆಂದು ಬುದ್ಧಿ ಹೇಳಿದರು. ಸ್ಟೌಡಿಂಗರ್ ಪ್ರತಿವಾದಗಳಿಗೆಲ್ಲ ಪ್ರಯೋಗದಿಂದಲೇ ಉತ್ತರವಿತ್ತರು. 1926ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿ, ದ್ರಾವಣದ ಸ್ನಿಗ್ಧತೆಯಿಂದ ಅಣುವಿನ ಗಾತ್ರವನ್ನು ಅಳೆಯುವ ಕ್ರಮವನ್ನು ರೂಪಿಸಿದರು. ಸಸ್ಯಶಾಸ್ತ್ರಜ್ಞೆಯಾದ ಪತ್ನಿ ಮಾಗ್ಡಾ ಈ ಕಾಯಕದಲ್ಲಿ ಸಹಭಾಗಿಯಾದರು. 1930ರ ದಶಕದಲ್ಲಿ ಅಮೆರಿಕದ ಕರೋದರ್ಸ್ ನೈಲಾನ್ ಮೊದಲಾದವನ್ನು ನಿರ್ಮಿಸಿದ ಮೇಲೆ ಸಂಶಯಗಳು ಅಳಿದವು.

ಕಷ್ಟಗಳು ಮಾತ್ರ ಮುಗಿಯಲಿಲ್ಲ. ನಾತ್ಸಿಗಳ ಆಳ್ವಿಕೆ ಬಂದಾಗ, ಹಿಂದಿನ ಯುದ್ಧವಿರೋಧವನ್ನೇ ಅಪರಾಧವೆಂದೆಣಿಸಿ ಇವರನ್ನು ಪದವಿಯಿಂದ ತೆಗೆಯುವ ಯತ್ನ ನಡೆಯಿತು. 1944ರ ನವೆಂಬರಿನ ಬಾಂಬು ದಾಳಿಯಲ್ಲಿ ಪ್ರಯೋಗಾಲಯವು ನಾಶವಾಯಿತು. ಎದೆಗೆಡದ ಇವರು 1947ರಲ್ಲಿ ಮಹಾಣು ರಸಾಯನಕ್ಕೆಂದೇ ಒಂದು ಪತ್ರಿಕೆಯನ್ನು ಹೊರಡಿಸಿದರು, 1951ರಲ್ಲಿ ನಿವೃತ್ತರಾದರು. 1953ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. 1965ರ ಸೆಪ್ಟೆಂಬರ್ 8ರಂದು ಫ್ರೈಬುರ್ಗ್‌ನಲ್ಲಿ ದೇಹಾವಸಾನವಾಯಿತು.

ಸಿದ್ಧಾಂತವನ್ನು ಮಂಡಿಸಿದ ದಿನದಿಂದ ಪುರಸ್ಕಾರಕ್ಕೆ 33 ವರ್ಷ ಕಾಯಬೇಕಾಯಿತು. ಆ ಅವಧಿಯಲ್ಲಿ ಅವರ ಕೈಗಳು ಬಿಡುವಾಗಿರಲಿಲ್ಲ. ಕಾಯಕವೇ ಕೈಲಾಸವೆಂದು ನಂಬಿದ ಪರಂಪರೆಯ ಮಡಿಲಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು, ಫಲ ತಡವಾಯಿತೆಂದು ಕೈಚೆಲ್ಲುವ ಮುನ್ನ ಈ ಹಿರಿಯರನ್ನು ಒಮ್ಮೆ ನೆನೆಯಲಿ.