ಜಿ. ಡಿ. ನಾಯ್ಡು

ಕೊಯಮತ್ತೂರಿನ ಜಿ. ಡಿ. ನಾಯ್ಡು ಅವರ ಹೆಸರನ್ನು ಕೇಳದವರು ನಮ್ಮ ರಾಜ್ಯದಲ್ಲಿ ವಿರಳ. ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಅವರು 1893ರ ಮಾರ್ಚ್ 23ರಂದು ಕೊಯಮತ್ತೂರಿನ ಬಳಿಯ ಕಲಂಗಲ್ ಗ್ರಾಮದ ರೈತ ಕುಟುಂಬದಲ್ಲಿ ಜನಿಸಿದರು. ಶಾಲೆಯ ಪಾಠ ಅವರಿಗೆ ಹಿಡಿಸಲಿಲ್ಲ, ಯಂತ್ರಗಳು ಹಿಡಿಸಿದವು. ಒಂದು ಮೋಟಾರ್ ಸೈಕಲ್ಲನ್ನು ಕೊಳ್ಳಬೇಕೆಂಬ ಆಸೆಯಿಂದ ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ಹಣ ಕೂಡಿಸಿದರು. ಕೊಂಡದ್ದನ್ನು ಸವಾರಿಗಷ್ಟೇ ಬಳಸದೆ, ಭಾಗಭಾಗವಾಗಿ ಬಿಚ್ಚಿ ಮತ್ತೆ ಜೋಡಿಸಿ ಅದರ ಮರ್ಮವನ್ನು ಅರಿತರು.

1920ರಲ್ಲಿ ಒಂದೇ ಒಂದು ಬಸ್ಸಿನಿಂದ ಪೊಳ್ಳಾಚಿ–ಪಳನಿ ಮಾರ್ಗದಲ್ಲಿ ಸಾರಿಗೆ ಆರಂಭಿಸಿದರು. ಅದೇ ಮುಂದೆ ಯು. ಎಂ. ಎಸ್. ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಅವರೊಡನೆ ಸೇರಿ ವಿದ್ಯುತ್ ಮೋಟಾರನ್ನು ತಯಾರಿಸಿದರು. ಭಾರತದಲ್ಲೇ ತಯಾರಾದ ಮೊದಲ ಮೋಟಾರೆಂದು ಅದು ಹೆಸರಾಗಿದೆ. ಗಿರಣಿಗೂ ಬಾವಿಗೂ ಪರದೇಶದ ಯಂತ್ರವನ್ನೇ ನಂಬಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಬ್ಯಾಟರಿಯಿಂದ ನಡೆಯುವ ಕ್ಷೌರಯಂತ್ರವನ್ನೂ ಅವರು ರೂಪಿಸಿದರು.

ಮೋಟಾರು ತಿರುಗುವುದು ಹೇಗೆ? ಬ್ಯಾಟರಿಯಿಂದ ಓಡುವ ಆಟದ ಕಾರನ್ನು ಬಿಚ್ಚಿದರೆ ನಮಗೂ ಅದು ತಿಳಿಯುತ್ತದೆ. ಅದರ ಮೋಟಾರಿನೊಳಗೆ ಎರಡು ಕಾಂತಗಳ ನಡುವೆ ತಾಮ್ರದ ತಂತಿಯ ಸುರುಳಿ ಇದೆ. ವಿದ್ಯುತ್ ಹರಿದಾಗ ಸುರುಳಿಯೂ ಕಾಂತವಾಗುತ್ತದೆ. ಸಜಾತೀಯ ಧ್ರುವಗಳು ದೂಡುತ್ತವೆ, ವಿಜಾತೀಯ ಧ್ರುವಗಳು ಎಳೆಯುತ್ತವೆ. ಹೀಗೆ ಸುರುಳಿ ಅರ್ಧ ಸುತ್ತು ತಿರುಗುತ್ತದೆ. ಆಗ ವಿದ್ಯುತ್ತಿನ ದಿಕ್ಕು ಬದಲಾಗದಿದ್ದರೆ ಅದು ಅಲ್ಲಿಯೇ ನಿಂತುಬಿಡುತ್ತದೆ. ಆದುದರಿಂದ ಅಚ್ಚಿನ ಮೇಲೆ ತಾಮ್ರದ ತುಂಡುಗಳಿಂದಾದ ದಿಕ್ಪರಿವರ್ತಕವನ್ನು ಕೂರಿಸಿರುತ್ತಾರೆ. ಅದಕ್ಕೆ ಒರಸಿಕೊಂಡಿರುವ ಬ್ರಷ್‌ಗಳು ವಿದ್ಯುತ್ತನ್ನು ಒಳಗೆ ಕೊಡುತ್ತವೆ. ಅರ್ಧ ಸುತ್ತಿಗೊಮ್ಮೆ ತುಂಡು ಬದಲಾಗಿ, ಸುರುಳಿಯಲ್ಲಿ ವಿದ್ಯುತ್ತಿನ ದಿಕ್ಕೂ ಬದಲಾಗುತ್ತದೆ, ಸುತ್ತು ಮುಂದುವರಿಯುತ್ತದೆ. ಮನೆಯ ಮಿಕ್ಸಿಯಲ್ಲಿಯೂ ಕಾರ್ಬನ್ ಬ್ರಷ್‌ಗಳಿವೆ. ಅವು ಉಜ್ಜಿ ಉಜ್ಜಿ ಸವೆಯುವುದರಿಂದ ಆಗಾಗ್ಗೆ ಬದಲಾಯಿಸಬೇಕು. ನಮ್ಮ ಹೊಸೂರು, ಕೃಷ್ಣಗಿರಿಯ ತೋಟಗಳಲ್ಲಿ ಕೊಳವೆಬಾವಿಯ ನೀರೆತ್ತುವ ಮೋಟಾರುಗಳಿಗೆ ಸಾಮಾನ್ಯವಾಗಿ ಬ್ರಷ್ ಇರುವುದಿಲ್ಲ. ಅವು ಬೇರೆ ಬಗೆಯವು.

ನಾಯ್ಡು ಅವರು ತಾಂತ್ರಿಕ ಶಿಕ್ಷಣಕ್ಕೂ ಧಾರಾಳವಾಗಿ ದಾನ ಮಾಡಿದರು. ಆದರೆ ಎಂಜಿನಿಯರಿಂಗಿಗೆ ನಾಲ್ಕು ವರ್ಷ ಬೇಕಿಲ್ಲ, ಕೈಯಿಂದ ಮಾಡಿ ಕಲಿತರೆ ಬೇಗ ಕಲಿಯಬಹುದೆಂದು ವಾದಿಸಿದರು. ಅವರ ಮಾತು ನಡೆಯಲಿಲ್ಲ. ಪುಸ್ತಕದ ಓದೂ ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಬಿಚ್ಚಿ ನೋಡದ ವಿದ್ಯೆ ಅರ್ಧ ವಿದ್ಯೆ ಎಂಬುದೂ ನಿಜವಲ್ಲವೆ?

1974ರ ಜನವರಿ 4ರಂದು ಅವರು ತೀರಿಕೊಂಡರು. ಕೆಟ್ಟ ಯಂತ್ರವೊಂದು ಕೈಗೆ ಸಿಕ್ಕಾಗ ಗುಜರಿಗೆ ಎಸೆಯುವ ಮೊದಲು ಒಮ್ಮೆ ಅದರ ಒಳಗನ್ನು ನೋಡೋಣ. ಅವರನ್ನು ಸ್ಮರಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.